ಊಹೆ ತಪ್ಪಿದಾಗ: ಆವೃತ್ತಿ ನಿಯಂತ್ರಣ ತಂತ್ರಾಂಶಗಳ ಕಮಾಂಡ್ ಭಾಷೆ

ಕೆಲವು ವರ್ಷಗಳ ಹಿಂದೆ, ನಮ್ಮ ತಂಡಕ್ಕೆ ಸೇರಿ ಎರಡು ವಾರವಷ್ಟೇ ಆಗಿದ್ದ ಸಹೋದ್ಯೋಗಿಯೊಬ್ಬರು ಸಂಜೆ ನನ್ನ ಮೇಜಿನ ಬಳಿ ಬಂದು, ‘ಸರ್, ಬೆಳಿಗ್ಗೆಯಿಂದ ಬರೆದದ್ದು ಯಾವುದೂ ಕಾಣ್ತಿಲ್ಲ’ ಎಂದರು. ಅವರ ಪರದೆಯ ಮೇಲೆ ಯಾವ ದೋಷ ಸಂದೇಶವೂ ಇರಲಿಲ್ಲ. ನಾವು ಬಳಸುತ್ತಿದ್ದದ್ದು ಗಿಟ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶ; ಫೈಲ್‌ಗಳಿಗೆ ಆಗುವ ಬದಲಾವಣೆಗಳ ಇತಿಹಾಸ ಇಡುವುದು ಅದರ ಕೆಲಸ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ಲಿನ ಹಿಂದಿನ ಸಾಲುಗಳನ್ನು ನೋಡಿದಾಗ ಕಂಡ ಕೊನೆಯ ಕಮಾಂಡ್ ‘ಗಿಟ್ ಚೆಕ್‌ಔಟ್ ರಿಪೋರ್ಟ್ಸ್’ ಎಂಬುದು. ಇನ್ನೊಬ್ಬ ಸಹೋದ್ಯೋಗಿ ಅಂದು ಮಧ್ಯಾಹ್ನ ‘ರಿಪೋರ್ಟ್ಸ್’ ಎಂಬ ಹೊಸ ಬ್ರಾಂಚ್, ಅಂದರೆ ಕೆಲಸದ ಒಂದು ಕವಲು, ಮಾಡಿ ಸರ್ವರಿಗೆ ಕಳಿಸಿದ್ದರು. ಇವರು ಆ ಬ್ರಾಂಚಿಗೆ ಹೋಗಲು ಹೊರಟಿದ್ದರು. ಆದರೆ ಅದಕ್ಕೂ ಮೊದಲು, ಸರ್ವರಿನಲ್ಲಿರುವ ಹೊಸದನ್ನು ತರುವ ‘ಗಿಟ್ ಫೆಚ್’ ಮಾಡಿರಲಿಲ್ಲವಾದ್ದರಿಂದ ಅವರ ಯಂತ್ರದಲ್ಲಿ ಆ ಹೆಸರಿನ ಬ್ರಾಂಚ್ ಇರಲೇ ಇಲ್ಲ. ಇದ್ದದ್ದು ಅದೇ ಹೆಸರಿನ ಒಂದು ಫೋಲ್ಡರ್, ಮತ್ತು ಬೆಳಿಗ್ಗೆಯಿಂದ ಅವರು ಕೆಲಸ ಮಾಡುತ್ತಿದ್ದದ್ದು ಅದರೊಳಗಿನ ಫೈಲ್‌ಗಳ ಮೇಲೆಯೇ. ‘ಆ ಬ್ರಾಂಚಿಗೆ ಕರೆದುಕೊಂಡು ಹೋಗು’ ಎಂದು ಅವರು ಹೇಳಿದ್ದನ್ನು ಗಿಟ್ ‘ಈ ಫೋಲ್ಡರಿನಲ್ಲಿ ನಾನು ಮಾಡಿದ್ದನ್ನೆಲ್ಲ ಬಿಸಾಡಿ ಹಳೆಯದನ್ನು ತಂದಿಡು’ ಎಂದು ಅರ್ಥಮಾಡಿಕೊಂಡಿತು, ಮತ್ತು ಮರುಮಾತಿಲ್ಲದೆ ಹಾಗೆಯೇ ಮಾಡಿತು. ಎಡಿಟರಿನಲ್ಲಿ ಇನ್ನೂ ತೆರೆದೇ ಇದ್ದ ಎರಡು ಫೈಲ್‌ಗಳನ್ನು ಅನ್‌ಡೂ ಒತ್ತಿ ಒತ್ತಿ ಉಳಿಸಿಕೊಂಡೆವು. ಉಳಿದದ್ದು ಹೋಯಿತು.

ಅವರು ಮಾಡಿದ್ದರಲ್ಲಿ ತಪ್ಪೇನಿತ್ತು ಎಂದು ನನ್ನನ್ನು ಕೇಳಿದರೆ, ಏನೂ ಇರಲಿಲ್ಲ ಎನ್ನುತ್ತೇನೆ. ಅದೇ ಕಮಾಂಡನ್ನು ಹಿಂದಿನ ವಾರವಿಡೀ ಬ್ರಾಂಚ್ ಬದಲಿಸಲು ಬಳಸಿದ್ದರು. ಇಂದೂ ಅದು ಅದೇ ಕೆಲಸ ಮಾಡುತ್ತದೆ, ಮಾಡಲಾಗದಿದ್ದರೆ ಆಗುವುದಿಲ್ಲ ಎನ್ನುತ್ತದೆ ಎಂದು ಊಹಿಸಿದ್ದರು. ಕಮಾಂಡ್ ಲೈನ್ ಬಳಸುವವರೆಲ್ಲರೂ ದಿನವಿಡೀ ಮಾಡುವುದು ಇದನ್ನೇ. ಕೈಪಿಡಿಯನ್ನು ಬಾಯಿಪಾಠ ಮಾಡಿ ಯಾರೂ ಕೆಲಸ ಮಾಡುವುದಿಲ್ಲ. ಗೊತ್ತಿರುವ ನಾಲ್ಕು ಕಮಾಂಡ್‌ಗಳ ಆಧಾರದ ಮೇಲೆ ಐದನೆಯದನ್ನು ಊಹಿಸುತ್ತೇವೆ. ಆದ್ದರಿಂದ ಕಮಾಂಡ್‌ಗಳ ಏಕರೂಪತೆ ಎಂದರೆ ನನ್ನ ಮಟ್ಟಿಗೆ ಅಂದಚೆಂದದ ಪ್ರಶ್ನೆಯಲ್ಲ. ಎಷ್ಟು ಸಲ ನಮ್ಮ ಊಹೆ ಸರಿಹೋಗುತ್ತದೆ ಎಂಬುದು ಅದರ ಒಂದು ಅಳತೆ. ಊಹೆ ತಪ್ಪಿದಾಗ ಏನಾಗುತ್ತದೆ ಎಂಬುದು ಇನ್ನೊಂದು, ಮತ್ತು ಹೆಚ್ಚು ಮುಖ್ಯವಾದ ಅಳತೆ. ಇಂದಿನ ಮಾತೆಲ್ಲವೂ ಈ ಎರಡನೆಯ ಅಳತೆಯ ಸುತ್ತಲೇ ಇರುತ್ತದೆ. ಸಭೆಯೊಂದರಲ್ಲಿ ನಾನಾಡಿದ ಮಾತಿನ ಬರಹರೂಪ ಇದು. ಕಮಾಂಡ್‌ಗಳನ್ನೂ, ಅವುಗಳ ವರ್ತನೆ ಬದಲಿಸಲು ಜೊತೆಗೆ ಬರೆಯುವ ಆಪ್ಷನ್‌ಗಳನ್ನೂ ಈ ಬರಹದಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ‘-ಎನ್’ ಎಂದರೆ ಹೈಫನ್ ಹಾಕಿ ಇಂಗ್ಲಿಷಿನ ಸಣ್ಣ ಎನ್ ಅಕ್ಷರ ಒತ್ತುವುದು ಎಂದು ಓದಿಕೊಳ್ಳಬೇಕು.

ಯುನಿಕ್ಸ್ ಲೋಕದಲ್ಲಿ ಕಮಾಂಡ್‌ಗಳಿಗೆ ವ್ಯಾಕರಣವೇ ಇಲ್ಲ ಎಂದಲ್ಲ. ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸಮಾನವಾದ ಪೋಸಿಕ್ಸ್ ಮಾನದಂಡದಲ್ಲಿ ಕಮಾಂಡ್‌ಗಳ ವಾಕ್ಯರಚನೆಗೆಂದೇ 14 ಮಾರ್ಗಸೂಚಿಗಳಿವೆ: ಆಪ್ಷನ್ನಿಗೆ ಒಂದೇ ಅಕ್ಷರವಿರಬೇಕು, ಮೌಲ್ಯ ಬೇಡದ ಆಪ್ಷನ್‌ಗಳನ್ನು ಒಂದೇ ಹೈಫನ್ನಿನ ಹಿಂದೆ ಒಟ್ಟಿಗೆ ಬರೆಯಲು ಬರಬೇಕು, ಎರಡು ಹೈಫನ್‌ಗಳು ಒಂಟಿಯಾಗಿ ಬಂದರೆ ಆಪ್ಷನ್‌ಗಳು ಅಲ್ಲಿಗೆ ಮುಗಿದವೆಂದು ತಿಳಿಯಬೇಕು, ಹೀಗೆ. ಇವನ್ನು ಬಹುತೇಕ ಎಲ್ಲ ತಂತ್ರಾಂಶಗಳೂ ಒಂದು ಮಟ್ಟಿಗೆ ಪಾಲಿಸುತ್ತವೆ. ಆದರೆ ಇವು ಕಾಗುಣಿತದ ನಿಯಮಗಳಿದ್ದಂತೆ. ಯಾವ ಅಕ್ಷರಕ್ಕೆ ಯಾವ ಅರ್ಥ, ಯಾವ ಕೆಲಸಕ್ಕೆ ಯಾವ ಪದ ಎಂಬುದನ್ನು ಅವು ಹೇಳುವುದಿಲ್ಲ, ಹೇಳಲೂ ಬರುವುದಿಲ್ಲ. ಒಂದೇ ಕಮಾಂಡಿನ ಒಳಗೆ ನೂರಾರು ಉಪಕಮಾಂಡ್‌ಗಳನ್ನು ತುಂಬಿಕೊಂಡಿರುವ ಆವೃತ್ತಿ ನಿಯಂತ್ರಣ ತಂತ್ರಾಂಶಗಳಲ್ಲಿ ತೊಡಕು ಶುರುವಾಗುವುದು ಅಲ್ಲಿಂದಲೇ.

ಈ ತೊಡಕು ಗಿಟ್‌ನಿಂದ ಹುಟ್ಟಿದ್ದಲ್ಲ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶ ಬರೆದಾಗ ಪ್ರತಿ ಕೆಲಸಕ್ಕೂ ಒಂದೊಂದು ಬೇರೆ ಪ್ರೋಗ್ರಾಂ ಇತ್ತು. ಹತ್ತು ವರ್ಷದ ನಂತರ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಷಿ ಮಾಡಿದ ಆರ್‌ಸಿಎಸ್‌ನಲ್ಲಿ ‘ಸಿಐ’ ಮತ್ತು ‘ಸಿಓ’, ಅಂದರೆ ಚೆಕ್‌ಇನ್ ಮತ್ತು ಚೆಕ್‌ಔಟ್ ಎಂಬ ಎರಡು ಪ್ರೋಗ್ರಾಂಗಳು ಮುಖ್ಯವಾದವು. ಚೆಕ್‌ಔಟ್ ಎಂದರೆ ನಮಗೆ ಲಾಡ್ಜಿನ ರೂಮು ಖಾಲಿ ಮಾಡುವುದು ನೆನಪಾಗುತ್ತದೆ. ಆದರೆ ಇಲ್ಲಿನ ಅರ್ಥ ಗ್ರಂಥಾಲಯದಿಂದ ಪುಸ್ತಕ ಎರವಲು ತರುವುದಕ್ಕೆ ಹತ್ತಿರದ್ದು. ಫೈಲಿಗೆ ಬೀಗ ಹಾಕಿ ತೆಗೆದುಕೊಳ್ಳುವುದು, ತಿದ್ದಿ ಹಿಂತಿರುಗಿಸುವುದು. ನಿಮ್ಮ ಬಳಿ ಇರುವಷ್ಟು ಹೊತ್ತು ಇನ್ನೊಬ್ಬರು ಅದನ್ನು ತಿದ್ದುವಂತಿಲ್ಲ. ಆ ರೂಪಕಕ್ಕೆ ಅಲ್ಲಿ ಪೂರ್ಣ ಅರ್ಥವಿತ್ತು. ಮುಂದೆ ಸಿವಿಎಸ್ ಬಂದು ಬೀಗವನ್ನು ಕೈಬಿಟ್ಟಿತು, ಪದವನ್ನು ಉಳಿಸಿಕೊಂಡಿತು. ಸಬ್‌ವರ್ಷನ್ ಅದೇ ಪದವನ್ನು ಇಡೀ ಯೋಜನೆಯನ್ನು ಮೊದಲ ಸಲ ತರುವುದಕ್ಕೆ ಇಟ್ಟುಕೊಂಡಿತು. ಗಿಟ್ ಆ ಕೆಲಸಕ್ಕೆ ‘ಕ್ಲೋನ್’ ಎಂದು, ಬಿಡುಗಡೆಯಾದ ‘ಚೆಕ್‌ಔಟ್’ ಪದದ ಮೇಲೆ ಇನ್ನಷ್ಟು ಕೆಲಸಗಳನ್ನು ಹೇರಿತು. ನಲವತ್ತು ವರ್ಷ ಬಾಳಿದ ಪದ; ಪ್ರತಿ ಮನೆಯಲ್ಲೂ ಬೇರೆ ಸಂಬಳ, ಬೇರೆ ಚಾಕರಿ.

ಸಿವಿಎಸ್ ಬಳಸಿದವರು ಈ ಸಭೆಯಲ್ಲಿ ಹೆಚ್ಚು ಮಂದಿ ಇರಲಾರರು. ಅದರಲ್ಲಿ ‘-ಡಿ’ ಎಂಬ ಆಪ್ಷನ್ ಉಪಕಮಾಂಡಿಗಿಂತ ಮೊದಲು ಬಂದರೆ ರೆಪಾಸಿಟರಿ, ಅಂದರೆ ಯೋಜನೆಯ ಇತಿಹಾಸವನ್ನೆಲ್ಲ ಇಟ್ಟಿರುವ ಭಂಡಾರ, ಎಲ್ಲಿದೆ ಎಂದು ತಿಳಿಸುತ್ತಿತ್ತು. ‘ಚೆಕ್‌ಔಟ್’ನ ನಂತರ ಬಂದರೆ ಯಾವ ಫೋಲ್ಡರಿನಲ್ಲಿ ಇಳಿಸಬೇಕು ಎಂದಾಗುತ್ತಿತ್ತು, ‘ಅಪ್‌ಡೇಟ್’ನ ನಂತರ ಬಂದರೆ ಹೊಸ ಫೋಲ್ಡರ್‌ಗಳನ್ನೂ ಸೃಷ್ಟಿಸು ಎಂದಾಗುತ್ತಿತ್ತು, ‘ಲಾಗ್’ನ ನಂತರ ಬಂದರೆ ದಿನಾಂಕ ಎಂದಾಗುತ್ತಿತ್ತು. ಒಂದೇ ಸಾಲಿನಲ್ಲಿ ಎರಡು ಸಲ ‘-ಡಿ’ ಬರೆದು ಎರಡಕ್ಕೂ ಬೇರೆ ಬೇರೆ ಅರ್ಥ ಬರಿಸುವುದು ಆ ಕಾಲದ ದಿನನಿತ್ಯದ ಮಾತು. 2000ದಲ್ಲಿ ಕೊಲ್ಯಾಬ್‌ನೆಟ್ ಸಂಸ್ಥೆ ಸಿವಿಎಸ್‌ಗೆ ಬದಲಿಯಾಗಿ ಸಬ್‌ವರ್ಷನ್ ಶುರುಮಾಡಿದಾಗ ಅದರ ನಿರ್ಮಾಪಕರು ಈ ಗೊಂದಲವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದ್ದರಿಂದಲೇ ಅವರು ಒಂದು ಕಟ್ಟುನಿಟ್ಟಾದ ನಿಯಮ ಇಟ್ಟುಕೊಂಡರು: ಎಲ್ಲ ಆಪ್ಷನ್‌ಗಳೂ ಒಂದೇ ಪಟ್ಟಿಗೆ ಸೇರಿದವು, ಒಂದು ಅಕ್ಷರಕ್ಕೆ ಒಂದು ಉಪಕಮಾಂಡಿನಲ್ಲಿ ಯಾವ ಅರ್ಥವೋ ಉಳಿದವುಗಳಲ್ಲಿಯೂ ಹೆಚ್ಚುಕಡಿಮೆ ಅದೇ ಅರ್ಥ. ‘-ಆರ್’ ಎಂದರೆ ಎಲ್ಲೆಡೆ ರಿವಿಷನ್, ‘-ವಿ’ ಎಂದರೆ ಎಲ್ಲೆಡೆ ವಿವರವಾಗಿ ತೋರಿಸು. ಈಗ ಯಾರೂ ಸಬ್‌ವರ್ಷನ್ನನ್ನು ಹೊಗಳುವುದಿಲ್ಲ. ಈ ಒಂದು ವಿಷಯಕ್ಕಾದರೂ ಹೊಗಳಬೇಕು ಎಂಬುದು ನನ್ನ ಅಭಿಪ್ರಾಯ.

ಗಿಟ್ ಬಂದದ್ದು ತೀರ ಬೇರೆ ದಾರಿಯಿಂದ. 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಕರ್ನಲ್ ತಂಡ ಅದುವರೆಗೆ ಉಚಿತವಾಗಿ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶ ಕೈತಪ್ಪಿದಾಗ, ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಬರೆದದ್ದು ಬಳಕೆದಾರರಿಗೆಂದು ರೂಪಿಸಿದ ತಂತ್ರಾಂಶವಾಗಿರಲಿಲ್ಲ. ದತ್ತಾಂಶವನ್ನು ಜೋಪಾನವಾಗಿ ಇಡುವ, ತೆಗೆಯುವ ಸಣ್ಣ ಸಣ್ಣ ಪ್ರೋಗ್ರಾಂಗಳ ಒಂದು ಗಂಟು ಅದು. ಅವುಗಳ ಮೇಲೆ ಬೇರೆ ಬೇರೆ ಜನ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಶೆಲ್ ಮತ್ತು ಪರ್ಲ್ ಸ್ಕ್ರಿಪ್ಟ್‌ಗಳನ್ನು ಬರೆಯುತ್ತ ಹೋದರು. ಅದೇ ವರ್ಷ ಜುಲೈಯಲ್ಲಿ ಜೂನಿಯೊ ಹಮಾನೊ ಅದರ ನಿರ್ವಹಣೆ ವಹಿಸಿಕೊಂಡರು. ಇಂದಿಗೂ ಅವರೇ ನೋಡಿಕೊಳ್ಳುತ್ತಿದ್ದಾರೆ. ಆಗ ‘ಗಿಟ್-ಕಮಿಟ್’, ‘ಗಿಟ್-ಲಾಗ್’ ಎಂದು ನಡುವೆ ಹೈಫನ್ ಇದ್ದ ಬಿಡಿ ಬಿಡಿ ಪ್ರೋಗ್ರಾಂಗಳೇ ಇದ್ದವು. 2008ರ 1.6.0 ಆವೃತ್ತಿಯಲ್ಲಷ್ಟೇ ಅವನ್ನು ಸಾಮಾನ್ಯ ಹಾದಿಯಿಂದ ತೆಗೆದು ಎಲ್ಲವನ್ನೂ ‘ಗಿಟ್’ ಎಂಬ ಒಂದೇ ಬಾಗಿಲಿನ ಹಿಂದೆ ಇಟ್ಟರು. ಬಾಗಿಲು ಒಂದಾಯಿತು, ಒಳಗಿನವರ ಮಾತು ಒಂದಾಗಲಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘-ಎನ್’ ಎಂಬ ಒಂದಕ್ಷರದ ಆಪ್ಷನ್. ‘ಗಿಟ್ ಕ್ಲೀನ್ -ಎನ್’ ಎಂದರೆ ಏನೇನು ಅಳಿಸುತ್ತೇನೆಂದು ಹೇಳು, ನಿಜವಾಗಿ ಅಳಿಸಬೇಡ ಎಂದರ್ಥ. ಅಪಾಯದ ಕೆಲಸಕ್ಕೆ ಮೊದಲು ಮಾಡುವ ಈ ಪೂರ್ವಪರೀಕ್ಷೆಯನ್ನು ಡ್ರೈ ರನ್ ಎನ್ನುತ್ತೇವೆ. ‘ಆಡ್’, ‘ಆರ್‌ಎಂ’, ‘ಎಂವಿ’, ‘ಪುಶ್’ ಇವುಗಳಲ್ಲೂ ‘-ಎನ್’ ಅದೇ ಅರ್ಥ ಕೊಡುತ್ತದೆ. ಇಷ್ಟು ಕಲಿತವನ ಬೆರಳಿಗೆ ಒಂದು ಅಭ್ಯಾಸ ಕೂತುಬಿಡುತ್ತದೆ: ಅನುಮಾನ ಬಂದರೆ ‘-ಎನ್’ ಹಾಕು. ಮಾಡಿದ ಬದಲಾವಣೆಗಳನ್ನು ಇತಿಹಾಸಕ್ಕೆ ಸೇರಿಸುವುದು ಕಮಿಟ್. ಅದೇ ಧೈರ್ಯದಲ್ಲಿ ಅವನು ‘ಗಿಟ್ ಕಮಿಟ್ -ಎನ್’ ಎಂದು ಬರೆದರೆ ಏನಾಗುತ್ತದೆ? ಕಮಿಟ್‌ನಲ್ಲಿ ‘-ಎನ್’ ಎಂದರೆ ‘ನೋ ವೆರಿಫೈ’. ಅಂದರೆ ಕಮಿಟ್ ಆಗುತ್ತದೆ, ಅಷ್ಟೇ ಅಲ್ಲ, ಕಮಿಟ್‌ಗೆ ಮೊದಲು ನಡೆಯಬೇಕಿದ್ದ ಪರೀಕ್ಷೆಗಳನ್ನೆಲ್ಲ ಬದಿಗೆ ಸರಿಸಿ ಕಮಿಟ್ ಆಗುತ್ತದೆ. ಎಚ್ಚರಿಕೆಗೆಂದು ಕಲಿತ ಅಕ್ಷರವೇ ಇಲ್ಲಿ ಕಾವಲುಗಾರನನ್ನು ಮನೆಗೆ ಕಳಿಸುತ್ತದೆ. ಕಮಿಟ್‌ಗೆ ಡ್ರೈ ರನ್ ಇಲ್ಲವೆಂದಲ್ಲ. ಇದೆ, ಆದರೆ ಅದನ್ನು ‘--ಡ್ರೈ-ರನ್’ ಎಂದು ಪೂರ್ತಿಯಾಗಿ ಬರೆಯಬೇಕು, ಅದಕ್ಕೆ ಗಿಡ್ಡ ರೂಪವಿಲ್ಲ.

ಪಟ್ಟಿ ಇಲ್ಲಿಗೆ ನಿಲ್ಲುವುದಿಲ್ಲ. ‘ಫೆಚ್’ನಲ್ಲಿ ‘-ಎನ್’ ಎಂದರೆ ಟ್ಯಾಗ್‌ಗಳನ್ನು (ಕಮಿಟ್‌ಗಳಿಗೆ ಅಂಟಿಸಿದ ಹೆಸರುಗಳನ್ನು) ತರಬೇಡ, ‘ಕ್ಲೋನ್’ನಲ್ಲಿ ಫೈಲ್‌ಗಳನ್ನು ಬಿಡಿಸಿಡಬೇಡ, ‘ಚೆರಿ-ಪಿಕ್’ ಮತ್ತು ‘ರಿವರ್ಟ್’ನಲ್ಲಿ ಬದಲಾವಣೆ ಮಾಡು, ಕಮಿಟ್ ಮಾತ್ರ ಮಾಡಬೇಡ, ‘ಮರ್ಜ್’ನಲ್ಲಿ ಅಂಕಿಅಂಶ ತೋರಿಸಬೇಡ, ‘ಲಾಗ್’ನಲ್ಲಿ ಇಷ್ಟು ಸಂಖ್ಯೆಯ ಕಮಿಟ್‌ಗಳು, ‘ಗ್ರೆಪ್’ನಲ್ಲಿ ಸಾಲಿನ ಸಂಖ್ಯೆ. ಪ್ರತಿಯೊಂದಕ್ಕೂ ಅದರದೇ ಸಮರ್ಥನೆ ಇದೆ. ಇಂಗ್ಲಿಷಿನಲ್ಲಿ ಬೇಡ ಎನ್ನುವ ಪದವೂ ಸಂಖ್ಯೆ ಎನ್ನುವ ಪದವೂ ಎನ್ ಅಕ್ಷರದಿಂದಲೇ ಶುರುವಾಗುತ್ತವೆ. ಕನ್ನಡದಲ್ಲೂ ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಏರುವುದೂ ಹೌದು, ಯಾರಿಗೂ ತೊಂದರೆಯಿಲ್ಲವಲ್ಲ ಎಂದು ನೀವು ಕೇಳಬಹುದು. ಮಾತಿನಲ್ಲಿ ಸಂದರ್ಭ ಅರ್ಥವನ್ನು ತಿಳಿಸುತ್ತದೆ, ಕೇಳುವವನು ಮನುಷ್ಯ. ಕಮಾಂಡ್ ಬರೆಯುವುದು ಬೆರಳುಗಳು. ಅವುಗಳಿಗೆ ಸಂದರ್ಭ ತಿಳಿಯದು, ಅಭ್ಯಾಸ ಮಾತ್ರ ತಿಳಿದಿದೆ.

ಅಳಿಸುವುದಕ್ಕೂ ಪಟ್ಟಿ ನೋಡುವುದಕ್ಕೂ ಇರುವ ರೀತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಾಂಚನ್ನೂ ಟ್ಯಾಗನ್ನೂ ಅಳಿಸಲು ‘-ಡಿ’ ಆಪ್ಷನ್; ರಿಮೋಟನ್ನೂ (ಬೇರೆಡೆಯ ರೆಪಾಸಿಟರಿಯ ವಿಳಾಸ) ವರ್ಕ್‌ಟ್ರೀಯನ್ನೂ (ಕೆಲಸಕ್ಕೆಂದು ತೆರೆದ ಇನ್ನೊಂದು ಫೋಲ್ಡರ್) ಅಳಿಸಲು ‘ರಿಮೂವ್’ ಎಂಬ ಉಪಪದ; ಸ್ಟ್ಯಾಶ್ ಅಳಿಸಲು ‘ಡ್ರಾಪ್’; ಸರ್ವರಿನಲ್ಲಿರುವ ಬ್ರಾಂಚ್ ಅಳಿಸಲು ‘ಪುಶ್ --ಡಿಲೀಟ್’, ಅಥವಾ ಬ್ರಾಂಚಿನ ಹೆಸರಿನ ಮುಂದೆ ಒಂದು ವಿಸರ್ಗದಂಥ ಚಿಹ್ನೆ. ಪಟ್ಟಿ ಬೇಕಾದರೆ ‘ಗಿಟ್ ಬ್ರಾಂಚ್’, ‘ಗಿಟ್ ಟ್ಯಾಗ್’, ‘ಗಿಟ್ ರಿಮೋಟ್’ ಎಂದಷ್ಟೇ ಬರೆದರೆ ಸಾಕು, ಇರುವುದನ್ನೆಲ್ಲ ತೋರಿಸುತ್ತವೆ. ಅದೇ ಧಾಟಿಯಲ್ಲಿ ‘ಗಿಟ್ ಸ್ಟ್ಯಾಶ್’ ಎಂದರೆ ಅದು ಏನನ್ನೂ ತೋರಿಸುವುದಿಲ್ಲ. ನೀವು ಮಾಡುತ್ತಿದ್ದ ಕೆಲಸವನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕುತ್ತದೆ. ಗಾಬರಿಯಾಗುತ್ತದೆ, ಆದರೆ ನಷ್ಟವಾಗುವುದಿಲ್ಲ. ‘ಪಾಪ್’ ಎಂದರೆ ಅಟ್ಟದಿಂದ ಕೆಳಗಿಳಿಯುತ್ತದೆ. ಆ ಕಾರಣಕ್ಕೆ ಈ ಅಸಂಗತತೆ ನನ್ನ ನಿದ್ದೆ ಕೆಡಿಸಿಲ್ಲ. ಚೆಕ್‌ಔಟ್‌ನದು ಕೆಡಿಸಿದೆ.

ಇನ್ನು ಒಂದೇ ವಸ್ತುವಿಗೆ ಇರುವ ಮೂರು ಹೆಸರುಗಳ ಕಥೆ. ಮುಂದಿನ ಕಮಿಟ್‌ಗೆ ಏನೇನು ಸೇರಬೇಕೆಂದು ನಾವು ಆಯ್ದು ಇಡುವ ಜಾಗವನ್ನು ಗಿಟ್ ಮೊದಲು ‘ಕ್ಯಾಶ್’ ಎಂದು ಕರೆಯಿತು. 2005ರಲ್ಲೇ ಅದಕ್ಕೆ ‘ಇಂಡೆಕ್ಸ್’ ಎಂದು ಮರುನಾಮಕರಣವಾಯಿತು. ‘ಅಪ್‌ಡೇಟ್-ಕ್ಯಾಶ್’ ಎಂಬ ಕಮಾಂಡ್ ‘ಅಪ್‌ಡೇಟ್-ಇಂಡೆಕ್ಸ್’ ಆಯಿತು. ಕಲಿಸುವವರ ಬಾಯಲ್ಲಿ ಕ್ರಮೇಣ ‘ಸ್ಟೇಜಿಂಗ್’ ಎಂಬ ಮೂರನೆಯ ಹೆಸರು ನೆಲೆಯಾಯಿತು. ಮೂರೂ ಆಪ್ಷನ್‌ಗಳಾಗಿ ಉಳಿದಿವೆ. ‘ಡಿಫ್’ನಲ್ಲಿ ‘--ಕ್ಯಾಶ್ಡ್’ ಮತ್ತು ‘--ಸ್ಟೇಜ್ಡ್’ ಎರಡೂ ಒಂದೇ. ‘ಆರ್‌ಎಂ’ನಲ್ಲಿ ‘--ಕ್ಯಾಶ್ಡ್’ ಮಾತ್ರ ಇದೆ. ‘ರಿಸ್ಟೋರ್’ನಲ್ಲಿ ‘--ಸ್ಟೇಜ್ಡ್’ ಮಾತ್ರ ಇದೆ. ‘ಅಪ್ಲೈ’ನಲ್ಲಿ ‘--ಕ್ಯಾಶ್ಡ್’ ಕೂಡ ಇದೆ, ‘--ಇಂಡೆಕ್ಸ್’ ಕೂಡ ಇದೆ, ಮತ್ತು ಎರಡಕ್ಕೂ ಬೇರೆ ಬೇರೆ ಅರ್ಥ: ಮೊದಲನೆಯದು ಆಯ್ದಿಟ್ಟ ಜಾಗವನ್ನು ಮಾತ್ರ ಮುಟ್ಟುತ್ತದೆ, ಎರಡನೆಯದು ಅದನ್ನೂ ನಿಮ್ಮ ಫೈಲ್‌ಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಗಿಟ್‌ನ ಕೈಪಿಡಿಯಲ್ಲಿ ಈ ವ್ಯತ್ಯಾಸವನ್ನು ವಿವರಿಸುವುದಕ್ಕೆಂದೇ ಒಂದು ಭಾಗವಿದೆ. ಪರ್ಯಾಯ ಪದಗಳಂತೆ ಕಾಣುವ ಎರಡು ಪದಗಳು ಪರ್ಯಾಯ ಪದಗಳಲ್ಲ ಎಂದು ಕೈಪಿಡಿ ಕೂತು ತಿಳಿಹೇಳಬೇಕಾದರೆ ಅಲ್ಲಿ ಹೆಸರಿಟ್ಟವರು ಎಡವಿದ್ದಾರೆ.

ನೀವೇ ಮಾಡಿ ನೋಡಬಹುದಾದ ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಹೊಸ ರೆಪಾಸಿಟರಿ ಮಾಡಿ, ಒಂದು ಫೈಲನ್ನು ‘ಆಡ್’ ಮಾಡಿ, ‘ಗಿಟ್ ಸ್ಟೇಟಸ್’ ನೋಡಿ. ಆಯ್ದಿಟ್ಟದ್ದನ್ನು ಹಿಂದಕ್ಕೆ ತೆಗೆಯಬೇಕಾದರೆ ‘ಗಿಟ್ ಆರ್‌ಎಂ --ಕ್ಯಾಶ್ಡ್’ ಬಳಸಿ ಎಂಬ ಸಲಹೆ ಕಾಣುತ್ತದೆ. ಈಗ ಆ ಫೈಲನ್ನು ಕಮಿಟ್ ಮಾಡಿ, ತಿದ್ದಿ, ಮತ್ತೆ ‘ಆಡ್’ ಮಾಡಿ, ಮತ್ತೆ ಸ್ಟೇಟಸ್ ನೋಡಿ. ಈ ಸಲ ಅದೇ ಕೆಲಸಕ್ಕೆ ‘ಗಿಟ್ ರಿಸ್ಟೋರ್ --ಸ್ಟೇಜ್ಡ್’ ಎನ್ನುತ್ತದೆ. 2019ಕ್ಕಿಂತ ಹಿಂದಿನ ಆವೃತ್ತಿಯಾದರೆ ‘ಗಿಟ್ ರಿಸೆಟ್ ಹೆಡ್’ ಎನ್ನುತ್ತಿತ್ತು. ಮೊದಲ ಕಮಿಟ್‌ಗಿಂತ ಮುಂಚೆ ಹಿಂದಿರುಗಲು ಯಾವ ಸ್ಥಿತಿಯೂ ಇಲ್ಲದ್ದರಿಂದ ಒಳಗಿನ ಲೆಕ್ಕದಲ್ಲಿ ಇವು ಬೇರೆ ಬೇರೆ ಕ್ರಿಯೆಗಳು ನಿಜ. ಆದರೆ ಬಳಸುವವನ ಕಣ್ಣಿಗೆ ಅದು ಒಂದೇ ಕೆಲಸ: ‘ಇದನ್ನು ಈ ಕಮಿಟ್‌ಗೆ ಸೇರಿಸಬೇಡ’. ಸಲಹೆಯ ಮಾತಿನಲ್ಲೂ ಗಿಟ್ ತನ್ನ ಒಳಮನೆಯ ಲೆಕ್ಕವನ್ನೇ ನಮಗೆ ಒಪ್ಪಿಸುತ್ತದೆ.

ಚುಕ್ಕಿಗಳ ವಿಷಯ ಬಿಡುವಂತಿಲ್ಲ, ಆದರೆ ಒಂದೇ ಮಾತು. ಎರಡು ಬ್ರಾಂಚ್‌ಗಳ ಹೆಸರಿನ ನಡುವೆ ಎರಡು ಚುಕ್ಕಿ ಇಟ್ಟರೆ ‘ಲಾಗ್’ನಲ್ಲಿ ಮೊದಲನೆಯದರಲ್ಲಿ ಇಲ್ಲದೆ ಎರಡನೆಯದರಲ್ಲಿ ಮಾತ್ರ ಇರುವ ಕಮಿಟ್‌ಗಳು ಬರುತ್ತವೆ. ಮೂರು ಚುಕ್ಕಿ ಇಟ್ಟರೆ ಎರಡೂ ಬದಿಯಲ್ಲಿ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಎಲ್ಲವೂ ಬರುತ್ತವೆ. ‘ಡಿಫ್’ನಲ್ಲಿ ಇದು ಹೆಚ್ಚುಕಡಿಮೆ ತಿರುಗುಮುರುಗು: ಎರಡು ಚುಕ್ಕಿ ಎರಡೂ ತುದಿಗಳನ್ನು ಹೋಲಿಸುತ್ತದೆ; ಎರಡು ದಾರಿಗಳು ಬೇರೆಯಾದ ಜಾಗದಿಂದ ಎರಡನೆಯ ಬದಿಯಲ್ಲಿ ಮಾತ್ರ ಆದ ಬದಲಾವಣೆ ಬೇಕಾದರೆ ಮೂರು ಚುಕ್ಕಿ ಇಡಬೇಕು. ಹದಿನೈದು ವರ್ಷದಿಂದ ಬಳಸುತ್ತಿರುವ ನಾನು ಇಂದಿಗೂ ಎರಡನ್ನೂ ಬರೆದು ನೋಡಿ ಸರಿ ಕಂಡದ್ದನ್ನು ಇಟ್ಟುಕೊಳ್ಳುತ್ತೇನೆ.

ಗಿಟ್ ಹುಟ್ಟಿದ ಕಾಲದಲ್ಲೇ, ಬಿಟ್‌ಕೀಪರ್ ಕೈತಪ್ಪಿದ ಕಾರಣಕ್ಕೇ ಹುಟ್ಟಿದ ಇನ್ನೊಂದು ತಂತ್ರಾಂಶ ಬೇರೆ ದಾರಿ ಹಿಡಿದಿತ್ತು. ಗಿಟ್ ಶುರುವಾದ ಎರಡೇ ವಾರದಲ್ಲಿ, 2005ರ ಏಪ್ರಿಲ್‌ನಲ್ಲೇ ಪ್ರಕಟವಾದ ಮರ್ಕ್ಯುರಿಯಲ್ ಮೊದಲಿನಿಂದಲೂ ಒಂದೇ ಪ್ರೋಗ್ರಾಂ ಆಗಿ ರೂಪುಗೊಂಡಿತು. ಪಾದರಸದ ರಾಸಾಯನಿಕ ಸಂಕೇತವಾದ ‘ಎಚ್‌ಜಿ’ ಎಂಬುದೇ ಅದರ ಕಮಾಂಡ್. ‘-ಆರ್’ ಎಂದರೆ ರಿವಿಷನ್, ‘-ಐ’ ಮತ್ತು ‘-ಎಕ್ಸ್’ನ ದೊಡ್ಡ ಅಕ್ಷರಗಳು ಯಾವ ಫೈಲ್ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ, ಇವು ಕಮಾಂಡಿನಿಂದ ಕಮಾಂಡಿಗೆ ಬದಲಾಗುವುದಿಲ್ಲ. ಹಾಗೆಂದು ಅದು ದೋಷರಹಿತವಲ್ಲ. ಅದರಲ್ಲೂ ‘-ಎನ್’ಗೆ ಹಲವು ಅರ್ಥಗಳಿವೆ: ‘ಸ್ಟೇಟಸ್’ನಲ್ಲಿ ಸ್ಥಿತಿಯ ಅಕ್ಷರ ತೋರಿಸಬೇಡ, ‘ಗ್ರೆಪ್’ನಲ್ಲಿ ಸಾಲಿನ ಸಂಖ್ಯೆ, ‘ಔಟ್‌ಗೋಯಿಂಗ್’ನಲ್ಲಿ ಹೊಸದು ಮೊದಲು. ಆದರೆ ಗಮನಿಸಿ, ಇವೆಲ್ಲ ನೋಡುವ ಕಮಾಂಡ್‌ಗಳು, ಯಾವುದನ್ನೂ ಬದಲಿಸದವು. ಫೈಲ್‌ಗಳನ್ನು ಬದಲಿಸುವ ‘ರಿವರ್ಟ್’ನಂಥವುಗಳಲ್ಲಿ ‘-ಎನ್’ ಎಂದರೆ ಡ್ರೈ ರನ್. ‘ಕಮಿಟ್’ನಲ್ಲಿ ಆ ಆಪ್ಷನ್ನೇ ಇಲ್ಲ, ಬರೆದರೆ ಗೊತ್ತಿಲ್ಲ ಎಂದು ಹೇಳಿ ನಿಲ್ಲುತ್ತದೆ. ಊಹೆ ಇಲ್ಲೂ ತಪ್ಪುತ್ತದೆ, ಆದರೆ ತಪ್ಪಿದ್ದಕ್ಕೆ ದಂಡ ತೆರಬೇಕಾಗುವುದಿಲ್ಲ. ಎರಡು ತಂತ್ರಾಂಶಗಳ ನಡುವಿನ ಅಂತರವನ್ನು ಆಪ್ಷನ್‌ಗಳ ಪಟ್ಟಿ ಮಾಡಿ ಎಣಿಸುವುದಕ್ಕಿಂತ ಹೀಗೆ ತೂಗುವುದು ಹೆಚ್ಚು ನ್ಯಾಯ ಎಂದು ನನಗೆ ತೋರುತ್ತದೆ.

ಆದರೂ ಗೆದ್ದದ್ದು ಗಿಟ್. ಪೈಥಾನ್ ಭಾಷೆಯ ಮೂಲ ಯೋಜನೆ 2017ರಲ್ಲಿ ಮರ್ಕ್ಯುರಿಯಲ್ ಬಿಟ್ಟು, ಗಿಟ್ ರೆಪಾಸಿಟರಿಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್‌ಗೆ ಬಂತು. ಅಂಥದೇ ಇನ್ನೊಂದು ತಾಣವಾದ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್‌ಗೆ ಬೆಂಬಲ ನಿಲ್ಲಿಸಿತು. ಒಳ್ಳೆಯ ವ್ಯಾಕರಣವಿದ್ದ ಮಾತ್ರಕ್ಕೆ ಒಂದು ಭಾಷೆ ಹಬ್ಬುವುದಿಲ್ಲ. ಲಿನಕ್ಸ್ ಕರ್ನಲ್ ಮತ್ತು ಗಿಟ್‌ಹಬ್ ಇದ್ದ ಕಡೆ ಜನ ಹೋದರು. ಇದನ್ನು ಮುಚ್ಚಿಟ್ಟು ಏಕರೂಪತೆಯ ಹಿರಿಮೆ ಹಾಡಿದರೆ ನಾನು ನಿಮಗೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಹಾಗಾದರೆ ಗಿಟ್ ತನ್ನನ್ನು ತಾನೇ ತಿದ್ದಿಕೊಳ್ಳಬಾರದೇಕೆ? ಅದನ್ನು ಬಳಸುವವರಲ್ಲಿ ಮನುಷ್ಯರಿಗಿಂತ ಸ್ಕ್ರಿಪ್ಟ್‌ಗಳೇ ಹೆಚ್ಚಿರಬಹುದು ಎಂಬುದು ನನ್ನ ಗುಮಾನಿ. ಇಂದು ‘ಕಮಿಟ್ -ಎನ್’ನ ಅರ್ಥ ಬದಲಿಸಿದರೆ, ನಾಳೆ ಎಲ್ಲೆಲ್ಲೋ ರಾತ್ರಿ ಓಡುವ ಸ್ಕ್ರಿಪ್ಟ್‌ಗಳು ಕಮಿಟ್ ಮಾಡದೆಯೇ ಮಾಡಿದೆವೆಂದು ಮುಂದೆ ಸಾಗುತ್ತವೆ. ಗಿಟ್‌ನ ಬಳಗ ಇದನ್ನು ಎದುರಿಸಲು ತನ್ನ ಕಮಾಂಡ್‌ಗಳನ್ನು ಎರಡಾಗಿ ಹಂಚಿಕೊಂಡಿದೆ: ಸ್ಕ್ರಿಪ್ಟ್‌ಗಳಿಗೆಂದು ಬದಲಾಗದ ‘ಪ್ಲಂಬಿಂಗ್’, ಮನುಷ್ಯರಿಗೆಂದು ‘ಪೋರ್ಸ್‌ಲೇನ್’, ಗೋಡೆಯೊಳಗಿನ ಕೊಳಾಯಿ ಮತ್ತು ಕಣ್ಣಿಗೆ ಕಾಣುವ ಪಿಂಗಾಣಿ. ಚೆನ್ನಾದ ರೂಪಕವೇ. ಆದರೆ ‘ಗಿಟ್ ಸ್ಟೇಟಸ್ --ಪೋರ್ಸ್‌ಲೇನ್’ ಎಂದು ಬರೆದರೆ ಬರುವುದು ಮನುಷ್ಯರಿಗಾಗಿ ಅಲಂಕರಿಸಿದ ಉತ್ತರವಲ್ಲ, ಸ್ಕ್ರಿಪ್ಟ್‌ಗಳು ಓದಲೆಂದು ಸ್ಥಿರವಾಗಿಟ್ಟ ಉತ್ತರ! ಪಿಂಗಾಣಿಯನ್ನು ಕಟ್ಟುವ ಸ್ಕ್ರಿಪ್ಟ್‌ಗಳಿಗಾಗಿ ಎಂಬುದು ಅದರ ಸಮಜಾಯಿಷಿ. ಕೇಳಿದಾಗ ನಗು ಬರುತ್ತದೆ. ಮೊದಲ ಸಲ ಎದುರಾದಾಗ ಬರುವುದಿಲ್ಲ.

ಇಷ್ಟು ಬಿಗಿಯಲ್ಲೂ ತಿದ್ದುಪಡಿಗಳು ಆಗಿವೆ, ಮತ್ತು ಆಗಿರುವ ರೀತಿ ಕಲಿಯುವಂತಿದೆ. 2019ರ ಆಗಸ್ಟ್‌ನ 2.23 ಆವೃತ್ತಿಯಲ್ಲಿ ‘ಸ್ವಿಚ್’ ಮತ್ತು ‘ರಿಸ್ಟೋರ್’ ಎಂಬ ಎರಡು ಹೊಸ ಕಮಾಂಡ್‌ಗಳು ಬಂದವು. ಚೆಕ್‌ಔಟ್ ಹೊತ್ತಿದ್ದ ಎರಡು ಮೂಟೆಗಳನ್ನು ಬೇರೆ ಮಾಡಿ, ಬ್ರಾಂಚ್ ಬದಲಿಸುವುದನ್ನು ಒಂದಕ್ಕೂ ಫೈಲ್ ಹಿಂತರುವುದನ್ನು ಇನ್ನೊಂದಕ್ಕೂ ಕೊಟ್ಟರು. ನಮ್ಮ ಸಹೋದ್ಯೋಗಿ ಅಂದು ‘ಗಿಟ್ ಸ್ವಿಚ್ ರಿಪೋರ್ಟ್ಸ್’ ಎಂದು ಬರೆದಿದ್ದರೆ ಅಂಥ ಬ್ರಾಂಚ್ ಇಲ್ಲ ಎಂದು ಹೇಳಿ ಅದು ಸುಮ್ಮನಾಗುತ್ತಿತ್ತು. ‘ಸ್ವಿಚ್’ ಎಂಬ ಪದವೂ ಹೊಸದೇನಲ್ಲ. ಸಬ್‌ವರ್ಷನ್ನಿನಲ್ಲಿ ಬ್ರಾಂಚ್ ಬದಲಿಸುವ ಕಮಾಂಡಿಗೆ ಅದೇ ಹೆಸರಿತ್ತು. ಹಳೆಯ ಚೆಕ್‌ಔಟನ್ನು ಯಾರೂ ಮುಟ್ಟಲಿಲ್ಲ, ಅದು ಇಂದಿಗೂ ಹಾಗೆಯೇ ಇದೆ. 2024ರ 2.46 ಆವೃತ್ತಿಯಲ್ಲಿ ‘ಗಿಟ್ ಕಾನ್ಫಿಗ್’ಗೆ ‘ಲಿಸ್ಟ್’, ‘ಗೆಟ್’, ‘ಸೆಟ್’, ‘ಅನ್‌ಸೆಟ್’ ಎಂಬ ಉಪಪದಗಳನ್ನು ಕೊಟ್ಟದ್ದೂ ಹೀಗೆಯೇ. ಇನ್ನು ಯಾರೂ ಬಳಸಲಾರರು ಎನಿಸಿದ ‘ಪ್ಯಾಕ್-ರಿಡಂಡೆಂಟ್’ನಂಥ ಕಮಾಂಡುಗಳು ‘--ಐ-ಸ್ಟಿಲ್-ಯೂಸ್-ದಿಸ್’ ಎಂಬ ಆಪ್ಷನ್ ಇಲ್ಲದೆ ಕೆಲಸ ಮಾಡಲು ಒಪ್ಪುವುದಿಲ್ಲ. ‘ನಾನಿದನ್ನು ಇನ್ನೂ ಬಳಸುತ್ತಿದ್ದೇನೆ’ ಎಂದು ಪ್ರತಿ ಸಲವೂ ಬರೆದುಕೊಡಬೇಕು. ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಟ್ಟ ಹಾಗೆ.

ಕಮಾಂಡ್‌ಗಳ ಮೇಲ್ಮೈಯನ್ನು ಎಷ್ಟು ಉಜ್ಜಿದರೂ ತೊಡಕಿನ ಬೇರು ಪರಿಕಲ್ಪನೆಗಳಲ್ಲಿದೆ ಎಂದು ವಾದಿಸಿದವರೂ ಇದ್ದಾರೆ. ಎಂಐಟಿಯ ಡೇನಿಯಲ್ ಜಾಕ್ಸನ್ ಮತ್ತು ಸಾಂಟಿಯಾಗೊ ಪೆರೆಜ್ ಡೆ ರೊಸೊ 2013ರಿಂದ ಈ ದಿಕ್ಕಿನಲ್ಲಿ ಗಿಟ್ಟನ್ನು ವಿಶ್ಲೇಷಿಸಿ, ‘ಗಿಟ್‌ಲೆಸ್’ ಎಂಬ ತಂತ್ರಾಂಶವನ್ನೇ ಮಾಡಿದರು. ಅದರಲ್ಲಿ ಸ್ಟೇಜಿಂಗ್ ಎಂಬುದೇ ಇಲ್ಲ. ಕಮಿಟ್ ಆಗದ ಬದಲಾವಣೆಗಳು ಆಯಾ ಬ್ರಾಂಚಿನಲ್ಲೇ ಉಳಿಯುವುದರಿಂದ ಸ್ಟ್ಯಾಶ್‌ನ ಅಗತ್ಯವೂ ಇಲ್ಲ. ವಸ್ತುವೇ ಇಲ್ಲದಿದ್ದರೆ ಅದಕ್ಕೆ ಮೂರು ಹೆಸರಿಡುವ ಪ್ರಶ್ನೆಯೂ ಏಳುವುದಿಲ್ಲವಷ್ಟೆ. ಗಿಟ್‌ಲೆಸ್ ಹೆಚ್ಚು ಹಬ್ಬಲಿಲ್ಲ. ಆ ಬಗೆಯ ಯೋಚನೆ ಈಗ ‘ಜುಜುಟ್ಸು’ವಿನಲ್ಲಿ ಮತ್ತೆ ಕಾಣುತ್ತಿದೆ. ಮಾರ್ಟಿನ್ ಫಾನ್ ಜ್ವೈಗ್‌ಬರ್ಗ್ ಗೂಗಲ್‌ನಲ್ಲಿದ್ದಾಗ ಶುರುಮಾಡಿದ ಈ ತಂತ್ರಾಂಶ ಗಿಟ್ ರೆಪಾಸಿಟರಿಯ ಮೇಲೆಯೇ ಕೆಲಸ ಮಾಡುತ್ತದೆ, ಆದರೆ ಅದರ ಕಮಾಂಡ್ ಭಾಷೆ ಬೇರೆ. ನೀವು ಫೈಲ್‌ಗಳಲ್ಲಿ ಮಾಡುತ್ತಿರುವ ಕೆಲಸವೇ ಅದರಲ್ಲಿ ಒಂದು ಕಮಿಟ್. ಮಾಡಿದ ಪ್ರತಿ ಕ್ರಿಯೆಯೂ ದಾಖಲಾಗುತ್ತದೆ, ‘ಜೆಜೆ’ ಎಂಬ ಅದರ ಕಮಾಂಡಿಗೆ ‘ಜೆಜೆ ಅನ್‌ಡೂ’ ಎಂದರೆ ಹಿಂದಿನದು ಮರಳುತ್ತದೆ. ನನ್ನ ಎರಡನೆಯ ಅಳತೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಂಡಿಲ್ಲ. ಏಕರೂಪತೆಯಲ್ಲಿ ಅದು ಇನ್ನೂ ಪಳಗುತ್ತಿದೆ. 2024ರಲ್ಲಿ ‘ಬ್ರಾಂಚ್’ ಎಂಬ ಪದವನ್ನೇ ಕೈಬಿಟ್ಟು ‘ಬುಕ್‌ಮಾರ್ಕ್’ ಎಂದು ಬದಲಿಸಿತು. ಬಳಕೆದಾರರು ಇನ್ನೂ ಕಡಿಮೆ ಇರುವಾಗ ಇಂಥ ಧೈರ್ಯ ಸಾಧ್ಯ.

ಜುಜುಟ್ಸುವಿನಲ್ಲಿ ‘ಬುಕ್‌ಮಾರ್ಕ್ ಡಿಲೀಟ್’, ‘ವರ್ಕ್‌ಸ್ಪೇಸ್ ಲಿಸ್ಟ್’ ಎಂದು ಮೊದಲು ವಸ್ತು, ಆಮೇಲೆ ಕ್ರಿಯೆ ಬರುತ್ತದೆ. ಗಿಟ್‌ನಲ್ಲಿ ‘ರಿಮೋಟ್ ರಿಮೂವ್’, ‘ಸ್ಟ್ಯಾಶ್ ಡ್ರಾಪ್’ ಇವೂ ಹಾಗೆಯೇ. ಕರ್ಮ ಮೊದಲು, ಕ್ರಿಯಾಪದ ಕೊನೆಗೆ: ನಮ್ಮ ವಾಕ್ಯದ ಅನುಕ್ರಮ ಇದೇ ಅಲ್ಲವೇ. ಕನ್ನಡದಲ್ಲಿ ಹೇಳಿಕೊಡುವಾಗ ‘ರಿಮೋಟನ್ನು ತೆಗೆ’, ‘ಸ್ಟ್ಯಾಶನ್ನು ಬಿಸಾಡು’ ಎಂದು ಸಲೀಸಾಗಿ ಬಾಯಿಗೆ ಬರುತ್ತದೆ. ‘ಪುಶ್ ಮಾಡು, ಅಂದರೆ ಅಳಿಸು’ ಎಂದು ಹೇಳುವಾಗ ತೊದಲುತ್ತೇನೆ. ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟಲು ಹೊರಟಿಲ್ಲ. ಕಲಿಸುವವನ ಒಂದು ಅನುಭವ, ಅಷ್ಟೇ. ‘ಕಮಿಟ್’ ಎಂದಾಕ್ಷಣ ಹಿಂದಿನ ಬೆಂಚಿನಲ್ಲಿ ಯಾರೋ ನಗುವುದೂ ಅಂಥದೇ ಅನುಭವ; ಕಾಲೇಜಿನಲ್ಲಿ ಕಮಿಟ್ ಆಗಿರುವುದಕ್ಕೆ ಬೇರೆ ಅರ್ಥವಿದೆ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ನಮಗೆ ಬೇಕಾದಂತೆ ಅಲಿಯಾಸ್, ಅಂದರೆ ಕಮಾಂಡಿಗೆ ನಾವೇ ಇಡುವ ಅಡ್ಡಹೆಸರು, ಮಾಡಿಕೊಂಡರೆ ಸಾಲದೇ ಎಂಬುದು ಮೊದಲನೆಯದು. ನನ್ನ ಯಂತ್ರದಲ್ಲೂ ಅಲಿಯಾಸ್‌ಗಳಿವೆ, ಆದರೆ ಅವು ನನ್ನ ಯಂತ್ರದಲ್ಲಿ ಮಾತ್ರ ಇವೆ. ಸರ್ವರಿನಲ್ಲಿ ಲಾಗಿನ್ ಆದಾಗ, ಇನ್ನೊಬ್ಬರ ಪಕ್ಕ ಕೂತು ನೆರವಾಗುವಾಗ ಅವು ಜೊತೆಗೆ ಬರುವುದಿಲ್ಲ. ಅಲ್ಲದೆ ಗಿಟ್ ತನ್ನ ಮೂಲ ಕಮಾಂಡಿನ ಹೆಸರಿನಲ್ಲೇ ಅಲಿಯಾಸ್ ಮಾಡಲು ಬಿಡುವುದಿಲ್ಲ. ಅಂದರೆ ‘ಕಮಿಟ್ -ಎನ್’ನ ಅರ್ಥವನ್ನು ಆ ದಾರಿಯಿಂದ ಬದಲಿಸಲಾಗದು. ಅಲಿಯಾಸ್ ಟೈಪ್ ಮಾಡುವ ಶ್ರಮ ಉಳಿಸುತ್ತದೆ, ಊಹೆಯ ತಪ್ಪನ್ನು ತಪ್ಪಿಸುವುದಿಲ್ಲ.

ಹೊಸಬರಿಗೆ ಚೆಕ್‌ಔಟ್ ಕಲಿಸಬೇಕೇ ಬೇಡವೇ ಎಂದು ಉಪನ್ಯಾಸಕಿಯೊಬ್ಬರು ಕೇಳಿದರು. ನಮ್ಮ ತಂಡದಲ್ಲಿ ಹೊಸಬರ ಕೈಯಲ್ಲಿಡುವ ಟಿಪ್ಪಣಿಯಲ್ಲಿ ‘ಸ್ವಿಚ್’ ಮತ್ತು ‘ರಿಸ್ಟೋರ್’ ಮಾತ್ರ ಇವೆ. ಸ್ಕ್ರಿಪ್ಟ್‌ಗಳಲ್ಲಿ ಒಂದಕ್ಷರದ ಆಪ್ಷನ್ ಬರೆಯಬಾರದು, ‘--ನೋ-ವೆರಿಫೈ’ ಎಂದು ಪೂರ್ತಿಯಾಗಿ ಬರೆದು ಪಕ್ಕದಲ್ಲಿ ಕಾರಣವನ್ನೂ ನಮೂದಿಸಬೇಕು ಎಂಬ ನಿಯಮವೂ ಇದೆ. ಚೆಕ್‌ಔಟ್ ಬಗ್ಗೆ ಟಿಪ್ಪಣಿಯ ಕೊನೆಯಲ್ಲಿ ಒಂದು ಪುಟವಿದೆ, ಹಳೆಯ ಸ್ಕ್ರಿಪ್ಟ್‌ಗಳನ್ನೂ ಅಂತರ್ಜಾಲದಲ್ಲಿ ಸಿಗುವ ಹಳೆಯ ಉತ್ತರಗಳನ್ನೂ ಓದಬೇಕಾಗುತ್ತದೆ ಎಂಬ ಕಾರಣಕ್ಕೆ. ಆ ಪುಟವನ್ನು ಬರೆದವರು ಅಂದು ಸಂಜೆ ನನ್ನ ಮೇಜಿನ ಬಳಿ ಬಂದಿದ್ದ ಸಹೋದ್ಯೋಗಿಯೇ.